ಲಂಗ್ ಕ್ಯಾನ್ಸರ್ ಇರುವ ಅಪ್ಪನಿಗೆ ಇಮ್ಯುನಿಟಿ ಹೆಚ್ಚಿಸಲು ಅಮೃತಬಳ್ಳಿ ಕಷಾಯ ಕೊಡಲಾ, ಉರಿಯೂತಕ್ಕೆ ಅರಿಶಿನದ ಮಾತ್ರೆ ಕೊಡಲಾ?

ಎರಡೂ ಬೇಡ. ಮುಂದಿನ ವಾರ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಕಣಗಳನ್ನೇ ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆ) ಶುರು ಅಂತ ಬರೆದಿದ್ದೀರಿ, ಅದಕ್ಕೇ ಇಷ್ಟು ನೇರವಾಗಿ ಹೇಳುತ್ತಿದ್ದೇನೆ.

ನಮ್ಮಪ್ಪ ತುಮಕೂರು ಕಡೆ ಒಂದು ಅಕ್ಕಿ ಗಿರಣಿಯಲ್ಲಿದ್ದವರು. ಹಗಲೆಲ್ಲ ಹೊಟ್ಟಿನ ಧೂಳು, ಮಧ್ಯೆ ಮಧ್ಯೆ ಬೀಡಿ. ಸಿಒಪಿಡಿ, ಅಂದರೆ ಶ್ವಾಸಕೋಶದ ಹಳೇ ದಮ್ಮು, ಅಂತ ಇನ್‌ಹೇಲರ್ ಕೊಟ್ಟಿದ್ದರು, ನೆನಪಾದಾಗ ಎಳೆದುಕೊಳ್ಳುತ್ತಿದ್ದರು. ಕಫದಲ್ಲಿ ರಕ್ತ ಕಂಡ ಮೇಲೆ ಸ್ಕ್ಯಾನು, ಬಯಾಪ್ಸಿ ಎಲ್ಲ ಆಗಿ ನಾಲ್ಕನೇ ಹಂತ ಅಂತ ಗೊತ್ತಾಯಿತು. ಗಡ್ಡೆಯ ಮೇಲಿನ ಒಂದು ಪ್ರೋಟೀನ್ ಅಳೆಯುವ ಪಿಡಿ-ಎಲ್1 ಟೆಸ್ಟಿನಲ್ಲಿ ಶೇ. 50ಕ್ಕಿಂತ ಜಾಸ್ತಿ ಬಂತು. ಹಾಗಿದ್ದರೆ ಕೀಮೋ ಇಲ್ಲದೆ ಬರೀ ಇಮ್ಯುನೋಥೆರಪಿಯಲ್ಲೇ ಶುರು ಮಾಡಬಹುದು, ಮೂರು ವಾರಕ್ಕೊಂದು ಡ್ರಿಪ್ ಅಂದರು. ತೋಟ ಅಡ ಇಟ್ಟೆವು. ಕೆಮ್ಮು ಕಮ್ಮಿಯಾಯಿತು, ಊಟ ಸೇರತೊಡಗಿತು, ಮುಂದಿನ ಸ್ಕ್ಯಾನಿನಲ್ಲಿ ಗಡ್ಡೆ ಸಣ್ಣದಾಗಿತ್ತು.

ಅದೇ ಹೊತ್ತಿಗೆ ನಾನು ಕಷಾಯ ಶುರು ಮಾಡಿದ್ದೆ. ಬೇಲಿ ಮೇಲೆ ಬಳ್ಳಿ ಇತ್ತು, ಕಾಂಡ ಜಜ್ಜಿ ಕುದಿಸಿ ದಿನಾ ಬೆಳಿಗ್ಗೆ ಒಂದು ಲೋಟ. ಇಮ್ಯುನೋಥೆರಪಿ ಅಂದರೆ ಇಮ್ಯುನಿಟಿಯದ್ದೇ ಚಿಕಿತ್ಸೆ ತಾನೆ, ಮನೆಯಿಂದಲೂ ಸ್ವಲ್ಪ ಬಲ ಸೇರಿಸೋಣ ಅನ್ನುವುದು ನನ್ನ ಲೆಕ್ಕ.

ಡಾಕ್ಟರು ಪ್ರತಿ ಸಲ ಕೇಳುತ್ತಿದ್ದರು, "ಬೇರೆ ಔಷಧಿ ಏನಾದ್ರೂ ತಗೋತಿದ್ದಾರಾ?" ನಾನು ಇಲ್ಲ ಅನ್ನುತ್ತಿದ್ದೆ. ಸುಳ್ಳು ಹೇಳಬೇಕು ಅಂತಲ್ಲ. ನನ್ನ ತಲೆಯಲ್ಲಿ ಔಷಧಿ ಅಂದರೆ ಅಂಗಡಿಯಲ್ಲಿ ಬಿಲ್ ಮಾಡಿ ತರುವುದು, ಬೇಲಿಯಲ್ಲಿ ಬೆಳೆದದ್ದು ಔಷಧಿ ಹೇಗಾಗುತ್ತೆ? ಇದು ಮೊದಲ ಸಲದ ಕಥೆ. ಆಮೇಲೆ ರಕ್ತಪರೀಕ್ಷೆಯಲ್ಲಿ ಎಸ್‌ಜಿಪಿಟಿ (ಲಿವರ್‌ಗೆ ಪೆಟ್ಟಾದರೆ ಹೆಚ್ಚುವ ಅಂಶ) ಏರಿತು. ಡಾಕ್ಟರು ಮತ್ತೆ ಅದೇ ಪ್ರಶ್ನೆ ಕೇಳಿದರು, ಈ ಸಲ ನನಗೆ ಕಷಾಯ ನೆನಪಿಗೆ ಬಂತು. ಬಂದರೂ ಹೇಳಲಿಲ್ಲ. ಹೊರಗೆ ಅಷ್ಟು ಜನ ಕಾಯುತ್ತಿದ್ದರು, ಬೈಯುತ್ತಾರೆ ಅನ್ನುವ ಭಯ, ಅಪ್ಪನ ಮುಂದೆ ಬೈಸಿಕೊಳ್ಳುವ ನಾಚಿಕೆ, ಜೊತೆಗೆ ಲಿವರ್‌ಗೆ ಅಮೃತಬಳ್ಳಿ ಒಳ್ಳೆಯದು ಅಂತಲೇ ಎಲ್ಲರೂ ಹೇಳುತ್ತಾರಲ್ವಾ, ಹಾಗಾಗಿ ಮನೆಗೆ ಬಂದು ಅರ್ಧ ಲೋಟ ಜಾಸ್ತಿಯೇ ಕೊಟ್ಟೆ! ಮುಂದಿನ ಡ್ರಿಪ್‌ಗೆ ಹೋಗುವಷ್ಟರಲ್ಲಿ ಕಣ್ಣು ಹಳದಿ. ಎಸ್‌ಜಿಪಿಟಿ ಸಾವಿರ ದಾಟಿತ್ತು.

ಅಡ್ಮಿಟ್ ಮಾಡಿಕೊಂಡ ರಾತ್ರಿ ಡ್ಯೂಟಿಯಲ್ಲಿದ್ದ ಚಿಕ್ಕ ಹುಡುಗಿ ಡಾಕ್ಟರು ಪ್ರಶ್ನೆ ಬದಲಿಸಿದಳು. "ಅಜ್ಜ ಬೆಳಿಗ್ಗೆ ಎದ್ದು ಮೊದಲು ಏನು ಕುಡೀತಾರೆ?" ಅಪ್ಪನೇ ಹೇಳಿಬಿಟ್ಟರು.

ಇಲ್ಲಿ ನಷ್ಟ ಏನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಇಮ್ಯುನೋಥೆರಪಿಯಿಂದಲೇ ಲಿವರ್ ಊದಿಕೊಳ್ಳಬಹುದು. ಶ್ವಾಸಕೋಶ, ಕರುಳು, ಥೈರಾಯ್ಡ್ ಯಾವುದಕ್ಕೆ ಬೇಕಾದರೂ ಆಗಬಹುದು. ಅಮೃತಬಳ್ಳಿಯಿಂದಲೂ ಆಗುತ್ತೆ. ಕೋವಿಡ್ ಕಾಲದಲ್ಲಿ ಇದನ್ನು ಕುಡಿದು ಲಿವರ್ ಕೆಟ್ಟ 6 ಜನರ ವಿವರವನ್ನು ಮುಂಬೈ ವೈದ್ಯರು 2021ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಬೇರೆ ಜಾತಿಯ ಬಳ್ಳಿ ಇರಬಹುದು ಅಂದಿತು. ಮುಂದಿನ ವರ್ಷ ಬೇರೆ ಬೇರೆ ಊರಿನ ಆಸ್ಪತ್ರೆಗಳಿಂದ ಇಂಥವೇ 43 ಪ್ರಕರಣಗಳು ಬಂದವು. ಸ್ವಂತ ಲಿವರ್ ಮೇಲೆ ರೋಗನಿರೋಧಕ ಕಣಗಳೇ ತಿರುಗಿಬೀಳುವ ಲಕ್ಷಣ ಅಲ್ಲಿ ಕಂಡಿತ್ತು. ಎರಡು ಕಾರಣಗಳೂ ಒಂದೇ ರಕ್ತದಲ್ಲಿ ಇದ್ದಾಗ ಯಾವುದು ಅಂತ ವಿಂಗಡಿಸುವುದು ಹೇಗೆ? ಕಷಾಯದ್ದೇ ತಪ್ಪು ಅಂತ ಮೊದಲೇ ಗೊತ್ತಿದ್ದರೆ ಅದನ್ನು ನಿಲ್ಲಿಸಿ, ಲಿವರ್ ಸುಧಾರಿಸಿದ ಮೇಲೆ ಡ್ರಿಪ್ ಮುಂದುವರಿಸಬಹುದಿತ್ತು. ಈಗ ಆ ಧೈರ್ಯ ಯಾರಿಗೂ ಬರಲಿಲ್ಲ. ಸ್ಟಿರಾಯ್ಡ್ ಕೊಟ್ಟರು, ಕಾಮಾಲೆ ಇಳಿಯಿತು, ಇಮ್ಯುನೋಥೆರಪಿ ಪೂರ್ತಿ ನಿಂತಿತು. ಚೆನ್ನಾಗಿ ಕೆಲಸ ಮಾಡುತ್ತಿದ್ದ ಮದ್ದು ಅದು. ಆಮೇಲೆ ಕೀಮೋ, ಅದನ್ನು ಅಪ್ಪನ ಮೈ ತಡೆಯಲಿಲ್ಲ. ತೀರಿಕೊಂಡರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ, ಬಂದು ಅದನ್ನು ಒಪ್ಪಲ್ಲ ಅಂತಲೇ ಹೇಳುತ್ತೇನೆ. ಇಮ್ಯುನಿಟಿ ಕಮ್ಮಿಯಾಗಿ ಕ್ಯಾನ್ಸರ್ ಬೆಳೆದಿದೆ, ಜಾಸ್ತಿ ಮಾಡಿದರೆ ಕರಗುತ್ತೆ ಅನ್ನುವ ಊಹೆಯೇ ಸರಿಯಿಲ್ಲ. ಗಡ್ಡೆಯೊಳಗೆ ಬಿಳಿ ರಕ್ತಕಣಗಳು ತುಂಬಿರುತ್ತವೆ, ಜರ್ಮನಿಯ ರುಡಾಲ್ಫ್ ವಿರ್ಕೋ 1863ರಲ್ಲೇ ಇದನ್ನು ಗಮನಿಸಿದ್ದ. ತೊಂದರೆ ಏನೆಂದರೆ ಹಾಗೆ ಬಂದವುಗಳಲ್ಲಿ ಹಲವು ಗಡ್ಡೆಗೇ ನೆರವಾಗುತ್ತವೆ. ಗಾಳಿಗೂಡಿನಲ್ಲಿರುವ ಮ್ಯಾಕ್ರೋಫೇಜ್ ಕಣಗಳ ಕೆಲಸ ಹೊಗೆ, ಧೂಳು ನುಂಗುವುದು, ಗಾಯ ರಿಪೇರಿ ಮಾಡುವುದು. ದಿನಾ ಬೀಡಿ ಹೊಗೆ ಬಂದರೆ ಅವು ದಿನಾ ಉರಿಯೂತದ ಸಂಕೇತ ಕಳಿಸುತ್ತವೆ. ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ಬರುತ್ತವೆ, ಅವು ಬಿಡುವ ರಾಸಾಯನಿಕಗಳು ಸುತ್ತಲಿನ ಒಳ್ಳೆಯ ಕಣಗಳನ್ನೂ ಸುಡುತ್ತವೆ. ರಿಪೇರಿಗೆ ಅಂತ ಬೆಳವಣಿಗೆಯ ಸಂಕೇತ, ಹೊಸ ರಕ್ತನಾಳ ಎಲ್ಲ ತಯಾರಾಗುತ್ತೆ. ಗಡ್ಡೆ ಇದನ್ನೇ ಉಂಡು ಬೆಳೆಯುತ್ತದೆ. ಹೆರಾಲ್ಡ್ ಡ್ವೊರಾಕ್ 1986ರಲ್ಲಿ ಗಡ್ಡೆಗಳನ್ನು ಆರದ ಗಾಯ ಅಂತ ಕರೆದದ್ದು ಇದಕ್ಕೇ. ನಿಜವಾಗಿ ಕ್ಯಾನ್ಸರ್ ಕೊಲ್ಲಬೇಕಾದ ಟಿ ಕಣಗಳು ಪಕ್ಕದಲ್ಲೇ ಇರುತ್ತವೆ, ಆದರೆ ಗಡ್ಡೆ ತನ್ನ ಪಿಡಿ-ಎಲ್1ನಿಂದ ಅವುಗಳ ಪಿಡಿ-1 ಹಿಡಿದು ಸುಮ್ಮನಾಗಿಸುತ್ತದೆ. ಟಿ ಕಣಗಳು ದಾಳಿ ಮಾಡುವಾಗ ಬಿಡುವ ಇಂಟರ್‌ಫೆರಾನ್ ಅನ್ನುವ ಸಂಕೇತ ಕಂಡೇ ಗಡ್ಡೆ ಪಿಡಿ-ಎಲ್1 ಹೆಚ್ಚಿಸಿಕೊಳ್ಳುವುದೂ ಉಂಟು! ಡ್ರಿಪ್ ಬಿಡಿಸುವುದು ಈ ಒಂದು ಹಿಡಿತವನ್ನು. ಕಷಾಯಕ್ಕೆ ಹಾಗೆ ಆರಿಸಿ ಕೆಲಸ ಮಾಡಲು ಬರಲ್ಲ.

ಹಾಗಾದರೆ ಉರಿಯೂತ ಇಳಿಸಿದರೆ ಸಾಕಲ್ಲ, ಅರಿಶಿನ ಆಗಲ್ವಾ ಅನ್ನುತ್ತೀರಿ. ಇದನ್ನು ಅರಿಶಿನಕ್ಕಿಂತ ಎಷ್ಟೋ ಗಟ್ಟಿ ಮದ್ದಿನಲ್ಲಿ ನೋಡಿ ಆಗಿದೆ. ಹೃದಯಾಘಾತ ಆಗಿದ್ದ 10,061 ಜನರ ಮೇಲೆ ಕನಾಕಿನುಮ್ಯಾಬ್ ಪರೀಕ್ಷಿಸಿದರು, ಅದು ಐಎಲ್-1 ಬೀಟಾ ಅನ್ನುವ ಉರಿಯೂತದ ಸಂಕೇತವನ್ನು ತಡೆಯುವ ಇಂಜೆಕ್ಷನ್. 2017ರಲ್ಲಿ ಫಲಿತಾಂಶ ಬಂದಾಗ ದೊಡ್ಡ ಡೋಸಿನವರಲ್ಲಿ ಲಂಗ್ ಕ್ಯಾನ್ಸರ್ ಮೂರನೇ ಎರಡರಷ್ಟು ಕಮ್ಮಿ ಕಂಡಿತ್ತು. ಎಲ್ಲರೂ ಕುಣಿದರು. ಆಮೇಲೆ ಅದನ್ನೇ ಲಂಗ್ ಕ್ಯಾನ್ಸರ್ ಬಂದವರಿಗೆ ಕೊಟ್ಟು ನೋಡಿದರೆ ಆಯುಸ್ಸು ಹೆಚ್ಚಲಿಲ್ಲ. ಅಂಥ ಇಂಜೆಕ್ಷನ್ನೇ ಸೋತಿರುವಾಗ ಮಾತ್ರೆಯ ಡಬ್ಬಿ ಮೇಲೆ ಬರೆದದ್ದನ್ನು ನಾನಂತೂ ನಂಬಲ್ಲ. ಸಾರಿಗೆ ಹಾಕುವ ಅರಿಶಿನಕ್ಕೆ ಯಾರೂ ಬೇಡ ಅನ್ನಲ್ಲ. ಮಾತ್ರೆ ಬೇರೆ, ಅದರಲ್ಲೂ ಕರಿಮೆಣಸಿನ ಸಾರ ಸೇರಿಸಿದ್ದು. ಅದರಿಂದ ಲಿವರ್ ಕೆಟ್ಟ ಪ್ರಕರಣಗಳು ಅಮೆರಿಕದಲ್ಲಿ ದಾಖಲಾಗಿವೆ.

ನಿಮ್ಮಪ್ಪ ದಮ್ಮಿಗೆ ಅಂತ ಪ್ರೆಡ್ನಿಸೋಲೋನ್ ಸ್ಟಿರಾಯ್ಡ್ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ, ಶುರುವಿನಲ್ಲಿ ಸ್ಟಿರಾಯ್ಡ್ ಮೇಲಿದ್ದವರಲ್ಲಿ ಇಮ್ಯುನೋಥೆರಪಿ ಫಲ ಕಮ್ಮಿ ಕಂಡಿದೆ. ನೀವಾಗಿಯೇ ನಿಲ್ಲಿಸಬೇಡಿ. ಡ್ರಿಪ್ ಶುರುವಾದ ಮೇಲೆ ಹೊಸದಾಗಿ ಉಸಿರು ಕಟ್ಟಿದರೆ ನೆಗಡಿ ಅಂತ ಮನೆಯಲ್ಲಿ ಆಂಟಿಬಯೋಟಿಕ್ ಹಾಕಿ ಕಾಯಬೇಡಿ, ಅದು ಶ್ವಾಸಕೋಶದ ಉರಿಯೂತ ಆಗಿರಬಹುದು, ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ.

ಇನ್ನೊಂದು, ನೀವು ಬರೆದಿಲ್ಲ: ಬಯಾಪ್ಸಿಯ ಇಜಿಎಫ್‌ಆರ್, ಎಎಲ್‌ಕೆ ರಿಪೋರ್ಟ್ (ಗಡ್ಡೆಯ ಜೀನ್ ಬದಲಾವಣೆ ನೋಡುವ ಪರೀಕ್ಷೆ) ಬಂತಾ? ಅಪ್ಪ ಬೀಡಿ ಸಿಗರೇಟು ಮುಟ್ಟದವರು ಅಂದಿದ್ದೀರಿ, ಅಂಥವರಲ್ಲಿ ಇಜಿಎಫ್‌ಆರ್ ಬದಲಾವಣೆ ಜಾಸ್ತಿ. ಅದಿದ್ದರೆ ಇಮ್ಯುನೋಥೆರಪಿ ಅಷ್ಟಾಗಿ ಕೆಲಸ ಮಾಡಲ್ಲ, ಆ ಬದಲಾವಣೆಗೇ ಗುರಿಯಿಟ್ಟ ಕ್ಯಾನ್ಸರ್ ಮಾತ್ರೆಯೇ ಮೊದಲು. ಇಮ್ಯುನೋಥೆರಪಿ ಕೊಟ್ಟು ಅದರ ಬೆನ್ನಿಗೇ ಒಸಿಮರ್ಟಿನಿಬ್ ಅನ್ನುವ ಅಂಥ ಮಾತ್ರೆ ಕೊಟ್ಟರೆ ಶ್ವಾಸಕೋಶ ಊದಿಕೊಳ್ಳುವ ಅಪಾಯವೂ ಹೆಚ್ಚು. ಆ ರಿಪೋರ್ಟ್ ಕೈಗೆ ಬರದೆ ಮೊದಲ ಡ್ರಿಪ್ ಹಾಕಿಸುವುದು ಸರಿಯಾ ಅಂತ ನಾಳೆಯೇ ಡಾಕ್ಟರನ್ನು ಕೇಳಿ.