ಹಳೆಯ ಜಗಲಿ ದೀಪದ ಸ್ವಿಚ್ಚಿಗೆ ಇನ್ನೆರಡು ದೀಪ ಸೇರಿಸುವಾಗ

ಮಡಿಕೇರಿ ಹತ್ತಿರದ ಹಳೆಯ ಹೆಂಚಿನ ಮನೆಯ ಜಗಲಿಯಲ್ಲಿ ಒಂದು ದೀಪ, ಅದಕ್ಕೊಂದು ಸ್ವಿಚ್ಚು ಇದೆ ಎಂದೂ, ಅದೇ ಸ್ವಿಚ್ಚಿಗೆ ಇನ್ನೆರಡು ಎಲ್‌ಇಡಿ ದೀಪಗಳನ್ನು ಸೇರಿಸಲು ಈಗಿನ ದೀಪದ ಬಳಿಯಿಂದಲೇ ವೈರು ಎಳೆಯಬಹುದೇ, ಹಳೆಯ ಲೈನು ಅದನ್ನು ತಾಳಿಕೊಳ್ಳುತ್ತದೆಯೇ ಎಂದೂ ಕೇಳಿದ್ದೀರಿ.

ಎಳೆಯಬಹುದು. ಲೋಡಿನ ಚಿಂತೆ ಇಲ್ಲಿ ಅಷ್ಟಾಗಿ ಬೇಡ. ಹಿಂದೆ ಅದೇ ಹೋಲ್ಡರಿನಲ್ಲಿ ಉರಿಯುತ್ತಿದ್ದ 60 ವ್ಯಾಟಿನ ಬಲ್ಬು 230 ವೋಲ್ಟಿನಲ್ಲಿ ಸುಮಾರು 0.26 ಆಂಪಿಯರ್ ಎಳೆಯುತ್ತಿತ್ತು; 10 ವ್ಯಾಟಿನ ಮೂರು ಎಲ್‌ಇಡಿ ದೀಪಗಳು ಸೇರಿದರೂ ಆಗುವುದು 30 ವ್ಯಾಟ್ ಮಾತ್ರ. ದೀಪದ ಲೈನಿಗೆ ಸಾಮಾನ್ಯವಾಗಿ ಹಾಕುವ 6 ಆಂಪಿಯರಿನ ಎಂಸಿಬಿಗೆ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚಿಗೆ) ಇದು ಲೆಕ್ಕಕ್ಕೇ ಬಾರದು. ನಮ್ಮ ಕೊಡಗಿನ ಮನೆಗಳಲ್ಲಿ ಇಂಥ ಕೆಲಸ ಕೆಡುವುದು ಲೋಡಿನಿಂದಲ್ಲ, ಜಾಯಿಂಟಿನಿಂದ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ.

ವಿರಾಜಪೇಟೆ ಕಡೆಯ ನಮ್ಮ ಮನೆಯಲ್ಲಿ, ಕಾಫಿ ಕಣದ ಕಡೆಗೆ ಬೆಳಕು ಬೀಳಲೆಂದು, ಜಗಲಿಯ ದೀಪದಿಂದ ಇನ್ನೊಂದು ದೀಪಕ್ಕೆ ಲೈನು ಎಳೆಸಿದ್ದೆವು. ಕೆಲಸ ಮಾಡಿದವರು ವೈರುಗಳನ್ನು ಹೊಸೆದು, ಟೇಪು ಸುತ್ತಿ, ಕಬ್ಬಿಣದ ಬಾಕ್ಸಿನೊಳಗೆ ತುರುಕಿ ಹೋಗಿದ್ದರು. ಬೇಸಿಗೆಯಲ್ಲಿ ಏನೂ ತೊಂದರೆಯಾಗಲಿಲ್ಲ. ಕಕ್ಕಡ ತಿಂಗಳ ಮಳೆ ಹಿಡಿದ ಮೇಲೆ ಆರ್‌ಸಿಸಿಬಿ (ಕರೆಂಟು ಅರ್ತಿಗೆ ಸೋರಿದರೆ ಲೈನು ಕಡಿಯುವ ಸ್ವಿಚ್ಚು) ಪದೇ ಪದೇ ಬೀಳತೊಡಗಿತು, ಅದೂ ಹೆಚ್ಚಾಗಿ ಗೀಸರ್ ಹಾಕಿದಾಗ. ಜಗಲಿಯ ಸ್ವಿಚ್ಚು ಆಫ್ ಇದ್ದಾಗಲೂ ಬೀಳುತ್ತಿದ್ದುದರಿಂದ ಗೀಸರೇ ಕೆಟ್ಟಿದೆ ಎಂದು ನಂಬಿ ಅದನ್ನು ಬಿಚ್ಚಿಸಿದೆವು. ಕೊನೆಗೆ ಸಿಕ್ಕಿದ್ದು ಆ ಬಾಕ್ಸಿನ ಜಾಯಿಂಟು: ತೇವಕ್ಕೆ ಟೇಪಿನ ಅಂಟು ಬಿಟ್ಟು, ನ್ಯೂಟ್ರಲಿನ (ಕರೆಂಟು ಹಿಂದಿರುಗುವ ವೈರಿನ) ತಾಮ್ರವು ಅರ್ತ್ ಕೊಟ್ಟಿದ್ದ ಬಾಕ್ಸಿನ ಗೋಡೆಗೆ ತಾಗುತ್ತಿತ್ತು. ಸ್ವಿಚ್ಚು ಕಡಿಯುವುದು ಕರೆಂಟು ತರುವ ವೈರಾದ ಫೇಸನ್ನು ಮಾತ್ರ, ನ್ಯೂಟ್ರಲ್ ಯಾವಾಗಲೂ ಜೋಡಿಸಿಕೊಂಡೇ ಇರುತ್ತದೆ. ಮನೆಯಲ್ಲಿ ದೊಡ್ಡ ಲೋಡು ಓಡಿದಾಗ ನ್ಯೂಟ್ರಲಿನ ಕರೆಂಟಿನಲ್ಲಿ ಒಂದು ಪಾಲು ಆ ದಾರಿಯಾಗಿ ಅರ್ತಿಗೆ ಸೋರಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು.

ಆದ್ದರಿಂದ ಮೊದಲು ನಿಮ್ಮ ಹಳೆಯ ವೈರು ಯಾವುದೆಂದು ನೋಡಿಸಿ. ಅದು ಅಲ್ಯೂಮಿನಿಯಂ ಆಗಿದ್ದರೆ ದೀಪದ ಬಳಿಯಿಂದ ಮುಂದುವರಿಸುವ ಆಲೋಚನೆಯನ್ನೇ ಬಿಡಿ. ಅಲ್ಯೂಮಿನಿಯಂಗೆ ತಾಮ್ರವನ್ನು ನೇರವಾಗಿ ಹೊಸೆದ ಕಡೆ, ನಮ್ಮ ಊರಿನ ತೇವದಲ್ಲಿ, ಕಿಲುಬು ಬೇಗ ಹಿಡಿಯುತ್ತದೆ, ಜಾಯಿಂಟು ಸಡಿಲಾಗಿ ಬಿಸಿಯಾಗುತ್ತದೆ. ಮರದ ಮುಚ್ಚಿಗೆಯ ಮೇಲೆ ಅಂಥದ್ದೊಂದು ಇರುವುದು ನನಗೆ ಭಯದ ವಿಷಯ. ಅಂಥಲ್ಲಿ ಸ್ವಿಚ್ ಬೋರ್ಡಿನಿಂದಲೇ 1.5 ಚದರ ಮಿಲಿಮೀಟರಿನ ಹೊಸ ತಾಮ್ರದ ವೈರು ಎಳೆಸಿ. ವೈರು ತಾಮ್ರದ್ದಾಗಿದ್ದು, ಇನ್ಸುಲೇಷನ್ ಬಾಗಿಸಿದರೆ ಬಿರುಕು ಬಿಡದಷ್ಟು ಚೆನ್ನಾಗಿದ್ದರೆ ಮಾತ್ರ ಈಗಿನ ದೀಪದಿಂದ ಮುಂದಕ್ಕೆ ಒಯ್ಯಬಹುದು.

ಒಯ್ಯುವ ಕ್ರಮ ಕಷ್ಟದ್ದಲ್ಲ. ಸ್ವಿಚ್ಚಿನಿಂದ ಬಂದ ಫೇಸು ಮತ್ತು ನ್ಯೂಟ್ರಲ್ ಎರಡೂ ಈಗಿನ ದೀಪದ ಬಳಿ ಇರುತ್ತವೆ. ಹೊಸ ದೀಪಗಳ ಫೇಸನ್ನು ಆ ಫೇಸಿಗೂ ನ್ಯೂಟ್ರಲನ್ನು ಆ ನ್ಯೂಟ್ರಲಿಗೂ ಸೇರಿಸಿದರೆ ಮೂರು ದೀಪಗಳಿಗೂ ಪೂರ್ತಿ 230 ವೋಲ್ಟ್ ಸಿಗುತ್ತದೆ, ಒಂದು ಕೆಟ್ಟರೂ ಉಳಿದೆರಡು ಉರಿಯುತ್ತವೆ. ಆದರೆ ಹಳೆಯ ಸೀಲಿಂಗ್ ರೋಸಿನೊಳಗೆ (ದೀಪದ ವೈರು ಇಳಿಯುವ, ಮೇಲೆ ಕೂರಿಸಿದ ಗುಂಡನೆಯ ಡಬ್ಬಿಯೊಳಗೆ) ಎಲ್ಲವನ್ನೂ ತುಂಬಿಸಬೇಡಿ. ಪಕ್ಕದಲ್ಲಿ ಮುಚ್ಚಳವಿರುವ ಒಂದು ಪಿವಿಸಿ ಜಂಕ್ಷನ್ ಬಾಕ್ಸ್ ಕೂರಿಸಿ, ಸ್ಕ್ರೂ ಇರುವ ಕನೆಕ್ಟರಿನಲ್ಲಿ ಜಾಯಿಂಟು ಮಾಡಿಸಿ, ಅಲ್ಲಿಂದ ಕೆಂಪು (ಫೇಸ್), ಕಪ್ಪು (ನ್ಯೂಟ್ರಲ್), ಹಸಿರು (ಅರ್ತ್) ಮೂರು ವೈರುಗಳನ್ನು ಪೈಪಿನಲ್ಲಿ ಒಯ್ಯಲಿ. ಅಟ್ಟದಲ್ಲಿ ಇಲಿಗಳಿದ್ದರೆ ಪೈಪಿಲ್ಲದ ವೈರು ಹೆಚ್ಚು ಕಾಲ ಉಳಿಯುವುದಿಲ್ಲ. ಹಳೆಯ ಲೈನಿಗೆ ಅರ್ತ್ ಇಲ್ಲವಾದರೆ, ಪ್ರತ್ಯೇಕ ಅರ್ತ್ ವೈರು ಎಳೆಯುವವರೆಗೆ ಲೋಹದ ಮೈಯ ದೀಪವನ್ನು ಜಗಲಿಯಲ್ಲಿ ಹಾಕಿಸಬೇಡಿ.

ನ್ಯೂಟ್ರಲಿನ ಬಗ್ಗೆ ಇನ್ನೊಂದು ಮಾತು. ಹತ್ತಿರದ ಫ್ಯಾನಿನ ಪಾಯಿಂಟಿನಲ್ಲಿ ಸುಲಭವಾಗಿ ಸಿಕ್ಕಿತೆಂದು ಬೇರೆ ಲೈನಿನ ನ್ಯೂಟ್ರಲ್ ಸೇರಿಸುವವರಿದ್ದಾರೆ, ಅದಕ್ಕೆ ಖಂಡಿತ ಒಪ್ಪಬೇಡಿ. ಮುಂದೊಂದು ದಿನ ಯಾರಾದರೂ ಫ್ಯಾನಿನ ಲೈನನ್ನು ಮಾತ್ರ ಆಫ್ ಮಾಡಿ ಆ ನ್ಯೂಟ್ರಲನ್ನು ಬಿಚ್ಚಿದರೆ, ಉರಿಯುತ್ತಿರುವ ಜಗಲಿ ದೀಪದ ಮೂಲಕ ಬಂದ ಕರೆಂಟು ಅವರ ಕೈಯಲ್ಲಿರುವ ತುದಿಯಲ್ಲಿ ಇರುತ್ತದೆ.

ಇದಕ್ಕೆ ಹೊಂದಿದ್ದೇ ಇನ್ವರ್ಟರಿನ ಅಪಾಯ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ನಮ್ಮ ಕಡೆ ಜಗಲಿಯ ದೀಪ ಹೆಚ್ಚಾಗಿ ಇನ್ವರ್ಟರ್ ಲೈನಿನಲ್ಲೇ ಇರುತ್ತದೆ, ಮತ್ತು ಮೇನ್ ಆಫ್ ಮಾಡಿದ ಕ್ಷಣದಲ್ಲೇ ಇನ್ವರ್ಟರ್ ಆ ಲೈನಿಗೆ ಕರೆಂಟು ಕೊಡಲು ಶುರುಮಾಡುತ್ತದೆ. ಹಾಗಾಗಿ ಮೇನ್ ಮತ್ತು ಇನ್ವರ್ಟರಿನ ಔಟ್‌ಪುಟ್ ಎರಡನ್ನೂ ಆಫ್ ಮಾಡಿದ ಮೇಲೆಯೇ ಏಣಿ ಹತ್ತಬೇಕು. ಟೆಸ್ಟರನ್ನು ಮೊದಲು ಕರೆಂಟಿರುವ ಒಂದು ಪಾಯಿಂಟಿನಲ್ಲಿ ಹಿಡಿದು ಅದು ಹತ್ತುವುದನ್ನು ನೋಡಿ, ಎರಡನ್ನೂ ಆಫ್ ಮಾಡಿದ ಬಳಿಕ ದೀಪದ ಎರಡೂ ವೈರುಗಳನ್ನು ಪರೀಕ್ಷಿಸಬೇಕು, ಏಕೆಂದರೆ ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ಫೇಸಿಗೆ ಬದಲಾಗಿ ನ್ಯೂಟ್ರಲಿಗೆ ಹಾಕಿರುವುದೂ ಉಂಟು. ಹಾಗಿದ್ದರೆ ಮೊದಲು ಅದನ್ನೇ ಸರಿಪಡಿಸಬೇಕು.

ಸುಟ್ಟುಹೋದ ಬಲ್ಬನ್ನೋ ಸ್ವಿಚ್ಚನ್ನೋ ಬದಲಾಯಿಸುವುದು ಮನೆಯವರೇ ಮಾಡಿಕೊಳ್ಳಬಹುದಾದ ಕೆಲಸ. ಹೊಸ ಪಾಯಿಂಟು ಸೇರಿಸುವುದನ್ನು ನಿಯಮದ ಪ್ರಕಾರ ಪರವಾನಗಿ ಇರುವವರಿಂದಲೇ ಮಾಡಿಸಬೇಕು. ಹೊಸ ದೀಪ ಸೂರಿನಂಚಿನಲ್ಲಿ ಬರುವುದಾದರೆ ಧೂಳು, ನೀರು ಒಳಹೋಗದ ಐಪಿ65 ಗುರುತಿನದ್ದನ್ನು ಕೊಳ್ಳಿ. ವೈರು ದೀಪಕ್ಕೆ ಮೇಲಿನಿಂದ ಇಳಿಯದೆ, ತುಸು ಕೆಳಗೆ ಬಾಗಿ ಮತ್ತೆ ಮೇಲಕ್ಕೆ ಹೋಗಿ ಸೇರಲಿ; ಆಗ ವೈರಿನ ಮೇಲೆ ಹರಿದ ನೀರು ಬಾಗಿದಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹೋಗುವುದಿಲ್ಲ. ವೈರು ಎಳೆದಾದ ಮೇಲೆ, ಎಲ್‌ಇಡಿಗಳನ್ನು ಜೋಡಿಸುವ ಮೊದಲು, 500 ವೋಲ್ಟಿನ ಮೆಗ್ಗರಿನಲ್ಲಿ (ಇನ್ಸುಲೇಷನ್ ಎಷ್ಟು ಗಟ್ಟಿ ಎಂದು ಅಳೆಯುವ ಉಪಕರಣದಲ್ಲಿ) ಫೇಸ್‌–ಅರ್ತ್ ಮತ್ತು ನ್ಯೂಟ್ರಲ್‌–ಅರ್ತ್ ನಡುವೆ ಅಳೆಯಲು ಹೇಳಿ. ಎರಡರಲ್ಲಿ ಯಾವುದೊಂದರಲ್ಲಾದರೂ 1 ಮೆಗಾಓಮಿಗಿಂತ ಕಡಿಮೆ ಬಂದರೆ ಮುಚ್ಚಳ ಹಾಕಲು ಬಿಡಬೇಡಿ. ಸಾಧ್ಯವಾದರೆ ಒಂದೆರಡು ವಾರ ಮಳೆ ಸುರಿದ ಮೇಲೆ ಅದೇ ಅಳತೆಯನ್ನು ಇನ್ನೊಮ್ಮೆ ಮಾಡಿಸಿ.