ಯಮಾಹಾ ಬ್ಯಾನ್ಶೀ 350 ಕ್ವಾಡ್ ಬೈಕನ್ನು ಡಾಂಬರು ಟ್ರ್ಯಾಕ್‌ನ ಡ್ರ್ಯಾಗ್ ರೇಸಿಗೆ ಸಜ್ಜು ಮಾಡೋದು ಹೇಗೆ?

ಪ್ರಶ್ನೆ: ಕೆಲಸದ ಮೇಲೆ ಟೆಕ್ಸಾಸ್‌ನಲ್ಲಿದ್ದೇನೆ. 2004ರ ಬ್ಯಾನ್ಶೀ ಕೊಂಡಿದ್ದೇನೆ, ಸೈಲೆನ್ಸರ್ ಪೈಪ್ ಬಿಟ್ಟರೆ ಎಲ್ಲ ಕಂಪನಿಯದ್ದೇ. 1/8 ಮೈಲಿಯ ಡಾಂಬರು ಟ್ರ್ಯಾಕ್‌ನಲ್ಲಿ ಓಡಿಸಬೇಕು. ಎಂಜಿನ್ ದೊಡ್ಡದು ಮಾಡೋ 421 ಸಿಸಿ ಕಿಟ್ ನೇರ ಹಾಕಿಸಿಬಿಡಲಾ? ಇನ್ನೇನು ಬದಲಿಸಬೇಕು?

ಉತ್ತರ:

ಕಿಟ್ ಈಗಲೇ ಬೇಡ. ಮೊದಲ ದುಡ್ಡು ಸ್ವಿಂಗ್‌ಆರ್ಮ್‌ಗೆ (ಹಿಂದಿನ ಆಕ್ಸಲನ್ನು ಹಿಡಿದಿರೋ ತೋಳು), ಆಮೇಲೆ ಟೈರಿಗೆ, ಆಮೇಲೆ ಕ್ಲಚ್ಚಿಗೆ. ಎಂಜಿನ್ನಿನ ಸರದಿ ಕೊನೆಗೆ.

ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಬ್ಯಾನ್ಶೀಯ ವೀಲ್‌ಬೇಸ್, ಅಂದರೆ ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ, 1,280 ಮಿ.ಮೀ. ನೀವು ಮೇಲೆ ಕೂತಾಗ ಒಟ್ಟು ಭಾರದ ಕೇಂದ್ರ ನೆಲದಿಂದ ಸುಮಾರು 650 ಮಿ.ಮೀ. ಎತ್ತರದಲ್ಲಿದೆ, ನೂರಕ್ಕೆ 55 ಪಾಲು ಭಾರ ಹಿಂದಿನ ಚಕ್ರಗಳ ಮೇಲಿದೆ ಅಂತ ಇಟ್ಕೊಳ್ಳಿ. ಆಗ ಹಿಂದಿನ ಆಕ್ಸಲ್‌ನಿಂದ ಭಾರದ ಕೇಂದ್ರಕ್ಕೆ 576 ಮಿ.ಮೀ. ಇದನ್ನು 650ರಿಂದ ಭಾಗಿಸಿದರೆ 0.89. ಅಂದರೆ ವೇಗೋತ್ಕರ್ಷ 0.89 ಜಿ (ಭೂಮಿಯ ಗುರುತ್ವದ 0.89 ಪಟ್ಟು) ಮುಟ್ಟಿದ ಕೂಡಲೇ ಮುಂದಿನ ಚಕ್ರ ಮೇಲೇಳುತ್ತೆ, ನೀವು ಹೆದರಿ ಥ್ರಾಟಲ್ ಒತ್ತಿದ ಹೆಬ್ಬೆರಳು ಬಿಡ್ತೀರಿ. ಸ್ವಿಂಗ್‌ಆರ್ಮ್ 200 ಮಿ.ಮೀ. ಉದ್ದ ಮಾಡಿದರೆ ಅದೇ ಲೆಕ್ಕ 776 ಭಾಗಿಸು 650, ಸುಮಾರು 1.2 ಜಿ. ಡ್ರ್ಯಾಗ್ ರೇಸಿನಲ್ಲಿ ಹೊರಡೋದು ಹೇಗಿತ್ತು ಅಂತ ಅಳೆಯೋದು ಮೊದಲ 60 ಅಡಿಯಲ್ಲಿ, ಅಂದರೆ 18.29 ಮೀಟರ್. ಅದನ್ನು 0.89 ಜಿಯಲ್ಲಿ ದಾಟಲು 2.05 ಸೆಕೆಂಡ್ ಬೇಕು, 1.2 ಜಿಯಲ್ಲಿ 1.76 ಸಾಕು. ಎಂಜಿನ್ ಮುಟ್ಟದೆ ಕಾಲು ಸೆಕೆಂಡಿಗಿಂತ ಹೆಚ್ಚು ಉಳೀತು. ಇಷ್ಟನ್ನೇ ಎಂಜಿನ್ನಿಂದ ತೆಗೀಬೇಕಂದರೆ, ಓಟದ ಸಮಯ ಶಕ್ತಿಯ ಘನಮೂಲಕ್ಕೆ ವಿಲೋಮ ಅನ್ನೋ ಹಳೇ ಲೆಕ್ಕದ ಪ್ರಕಾರ, 8 ಸೆಕೆಂಡಿನ ಗಾಡಿಗೆ ಶೇ. 12ರಷ್ಟು ಹೆಚ್ಚು ಶಕ್ತಿ ಬೇಕಾಗುತ್ತೆ. ಅಷ್ಟು ಶಕ್ತಿ ಬಂದರೂ ಕಂಪನಿ ಉದ್ದದ ಗಾಡಿ ಅದನ್ನು ನೆಲಕ್ಕೆ ಇಳಿಸಲ್ಲ, ಮೂತಿ ಎತ್ತುತ್ತೆ ಅಷ್ಟೆ.

ಹಾಗಂತ ಉದ್ದ ಮಾಡ್ತಾನೇ ಹೋಗಬೇಡಿ. ಉದ್ದ ಹೆಚ್ಚಿದಷ್ಟೂ ಹಿಂದಿನ ಟೈರಿನ ಮೇಲಿನ ಭಾರ ಕಡಿಮೆ ಆಗುತ್ತೆ. ಮೂತಿ ಏಳೋದು ನಿಂತು ಟೈರು ಜಾರೋದು ಶುರುವಾಗುತ್ತೆ. ನಿಮ್ಮ ಎಂಜಿನ್ನಿಗೆ 6ರಿಂದ 8 ಇಂಚು ಉದ್ದದ ಆರ್ಮ್ ಸರಿ. 10 ಇಂಚಿನದು, ಮೂತಿ ಏಳದಂತೆ ಹಿಂದೆ ಕಟ್ಟೋ ವೀಲಿ ಬಾರ್ ಎಲ್ಲ ದೊಡ್ಡ ಎಂಜಿನ್‌ಗಳ ಬಾಬತ್ತು.

ಆರ್ಮ್ ಬದಲಿಸಿದಾಗ ಜೊತೆಗೆ ಎರಡು ಸಾಮಾನು ಬೇಕು, ಅಂಗಡಿಯವರು ಹೇಳೋದು ಮರೀತಾರೆ. ಒಂದು, ಹಿಂದಿನ ಬ್ರೇಕಿನ ಉದ್ದ ಹೋಸ್. ಇನ್ನೊಂದು ಚೈನು. 520 ಚೈನಿನ ಪಿಚ್ 15.875 ಮಿ.ಮೀ. 8 ಇಂಚು ಉದ್ದಕ್ಕೆ ಮೇಲೆ, ಕೆಳಗೆ ಸೇರಿ 406 ಮಿ.ಮೀ. ಹೆಚ್ಚಾಗುತ್ತೆ, ಅಂದರೆ 26 ಕೊಂಡಿ. ಎರಡು ತುಂಡು ಸೇರಿಸಿ ಜೋಡಿಸೋ ಕಂಜೂಸಿತನ ಇಲ್ಲಿ ಬೇಡ, ಉದ್ದದ ಒಂದೇ ಚೈನು ತಂದು ಕತ್ತರಿಸಿಕೊಳ್ಳಿ. ಚೈನ್ ಗಾರ್ಡ್ ಇಲ್ಲದೆ ಟ್ರ್ಯಾಕ್‌ನವರು ಒಳಗೆ ಬಿಡಲ್ಲ, ಬಿಡಲೂಬಾರದು.

ಎತ್ತರ ಇಳಿಸೋದು ಮುಂದಿನ ಕೆಲಸ. ಭಾರದ ಕೇಂದ್ರ 100 ಮಿ.ಮೀ. ಇಳಿದರೆ ಮೇಲಿನ 1.2 ಜಿ 1.4 ಆಗುತ್ತೆ. ಹಿಂದೆ ಶಾಕ್ ತೆಗೆದು ಗಟ್ಟಿ ಸ್ಟ್ರಟ್ (ಅಲ್ಲಾಡದ ಸರಳು) ಹಾಕೋರು ಬಹಳ ಜನ. ನುಣುಪಾದ ಟ್ರ್ಯಾಕ್‌ನಲ್ಲಿ ಅದು ಸಾಕು, ಅಗ್ಗವೂ ಹೌದು. ಟ್ರ್ಯಾಕ್ ಸ್ವಲ್ಪ ಅಲೆಅಲೆಯಾಗಿದ್ದರೆ ನಾನಾದರೆ ಚಿಕ್ಕ, ಬಿಗಿ ಶಾಕನ್ನೇ ಇಡ್ತೀನಿ. ಸ್ಟ್ರಟ್ ಹಾಕಿದ ಗಾಡಿ ಏರುತಗ್ಗಿನಲ್ಲಿ ಟೈರನ್ನು ನೆಲದಿಂದ ಬಿಡಿಸುತ್ತೆ. ಮುಂದೆ ಶಾಕಿಗೆ ಪಟ್ಟಿ ಕಟ್ಟಿ ಎಳೆದು ಕೂರಿಸಬಹುದು. ಅಡಿಯಲ್ಲಿ 75 ಮಿ.ಮೀ. ಆದರೂ ಖಾಲಿ ಇರಲಿ. ಇಳಿಸಿದ ಮೇಲೆ ಎ-ಆರ್ಮ್‌ಗೂ (ಮುಂದಿನ ಚಕ್ರ ಹಿಡಿದಿರೋ ತೋಳು) ಟೈ ರಾಡ್‌ಗೂ (ಚಕ್ರ ತಿರುಗಿಸೋ ಸರಳು) ಕೋನ ಬೇರೆ ಬೇರೆ ಆಗಿ, ಮೂತಿ ಎದ್ದು ಕೂತಾಗ ಚಕ್ರ ತಾನೇ ತಿರುಗುತ್ತೆ. ಅದಕ್ಕೆ ಮುಂದಿನ ಚಕ್ರಗಳ ಟೋ, ಅಂದರೆ ಅವು ಒಳಕ್ಕೆ ಅಥವಾ ಹೊರಕ್ಕೆ ಎಷ್ಟು ತಿರುಗಿವೆ ಅನ್ನೋದನ್ನು, ನೀವು ಗಾಡಿ ಮೇಲೆ ಕೂತು, ಇನ್ನೊಬ್ಬರ ಕೈಲಿ ಅಳೆಸಿ. ಸೊನ್ನೆಯಿಂದ 3 ಮಿ.ಮೀ. ಒಳಮುಖ ಇರಬೇಕು. ಹೊರಮುಖ ಇದ್ದರೆ 100 ಕಿ.ಮೀ. ವೇಗದಲ್ಲಿ ಹ್ಯಾಂಡಲ್ ಕೈಯಲ್ಲಿ ನಿಲ್ಲಲ್ಲ.

ಟೈರಿನ ವಿಷಯ ನಿಧಾನವಾಗಿ ಓದಿ, ಡಾಂಬರಿನಲ್ಲಿ ಕ್ವಾಡ್ ಕೆಡೋದೇ ಇಲ್ಲಿ. ಕಂಪನಿ ಕೊಡೋ ಗುಬ್ಬಿ ಟೈರು (ಮೈಮೇಲೆ ರಬ್ಬರಿನ ಉಬ್ಬುಗಳಿರೋದು) ಮಣ್ಣಿಗೆ ಮಾಡಿದ್ದು. ಡಾಂಬರಿನ ಮೇಲೆ ಆ ಗುಬ್ಬಿಗಳು ಬಾಗಿ ಗಾಡಿ ತೇಲಿದ ಹಾಗೆ ಆಡುತ್ತೆ. ತಯಾರಕರು ಇದನ್ನು ರಸ್ತೆಯಲ್ಲಿ ಓಡಿಸಬೇಡಿ ಅಂತ ಬರೆಯೋದು ಸುಮ್ಮನೆ ಅಲ್ಲ. ಹಿಂದೆ ಸ್ಲಿಕ್ (ಗೀರೇ ಇಲ್ಲದ ನುಣುಪು ರೇಸ್ ಟೈರು) ಹಾಕಿ, ಮುಂದೆ ಕಿರಿದಾದ, ಕಡಿಮೆ ಗುಬ್ಬಿಯ ಹಗುರ ಟೈರು ಸಾಕು. ಬ್ಯಾನ್ಶೀಗೆ ಡಿಫರೆನ್ಷಿಯಲ್ ಇಲ್ಲ, ಎರಡೂ ಹಿಂದಿನ ಚಕ್ರ ಒಂದೇ ಆಕ್ಸಲ್‌ಗೆ ಕಚ್ಚಿಕೊಂಡಿವೆ. ಎರಡು ಟೈರಿನ ಸುತ್ತಳತೆ ಬೇರೆ ಆದರೆ ದೊಡ್ಡದು ಚಿಕ್ಕದರ ಕಡೆಗೆ ಗಾಡಿಯನ್ನು ತಳ್ಳುತ್ತೆ. ಒಂದೇ ಅಚ್ಚಿನ, ಒಂದೇ ಅಂಗಡಿಯ ಎರಡು ಟೈರು ಕೂಡ ಸಮ ಇರಲ್ಲ. ಗಾಳಿ ತುಂಬಿ, ಟೈಲರ್ ಟೇಪಿನಲ್ಲಿ ನಡುಭಾಗದ ಸುತ್ತಳತೆ ಅಳೆಯಿರಿ. ವ್ಯತ್ಯಾಸ 6 ಮಿ.ಮೀ. ದಾಟಬಾರದು. ದಾಟಿದರೆ ಚಿಕ್ಕದಕ್ಕೆ ಅರ್ಧ ಪಿಎಸ್ಐ ಜಾಸ್ತಿ ಹಾಕಿ ಸಮ ಮಾಡಿ. ಗಾಡಿ ಯಾವಾಗಲೂ ಒಂದೇ ಕಡೆ ಎಳೀತಾ ಇದ್ದರೆ ಜನ ಮೊದಲು ಹ್ಯಾಂಡಲ್ ಬಿಚ್ಚುತ್ತಾರೆ. ಮೊದಲು ಹಿಡೀಬೇಕಾದ್ದು ಟೇಪು.

ಸ್ಲಿಕ್‌ನಲ್ಲಿ 6 ಪಿಎಸ್ಐಯಿಂದ ಶುರು ಮಾಡಿ. ಪಂಕ್ಚರ್ ಅಂಗಡಿಯ ಮೀಟರು ಈ ಕೆಲಸಕ್ಕೆ ಬರಲ್ಲ, 0ರಿಂದ 15ರವರೆಗಿನ ಚಿಕ್ಕ ಮೀಟರು ಕೊಳ್ಳಿ. ನೀರಿನ ಮೇಲೆ ಹಾಯಿಸಿ ಒಣ ನೆಲದ ಮೇಲೆ ಮೂಡಿದ ಗುರುತು ನೋಡಿ. ನಡುವೆ ಮಾತ್ರ ಮೂಡಿದರೆ ಗಾಳಿ ಹೆಚ್ಚು, ಎರಡು ಅಂಚು ಮಾತ್ರ ಮೂಡಿದರೆ ಕಡಿಮೆ. ಒಂದು ಸಲಕ್ಕೆ ಅರ್ಧ ಪಿಎಸ್ಐ ಮಾತ್ರ ಬದಲಿಸಿ.

ಟೈರು ಬದಲಾದರೆ ಗೇರಿನ ಲೆಕ್ಕವೂ ಬದಲಾಗುತ್ತೆ. ಕಂಪನಿ ಸ್ಪ್ರಾಕೆಟ್ ಮುಂದೆ 14, ಹಿಂದೆ 41 ಹಲ್ಲು. 20 ಇಂಚಿನ ಟೈರು ತೆಗೆದು 18 ಇಂಚಿನ ಸ್ಲಿಕ್ ಹಾಕಿದರೆ ಗಾಡಿ ತಾನಾಗೇ ಶೇ. 10 ಗಿಡ್ಡ ಗೇರಿಗೆ ಬಂದಂತೆ. ಮೊದಲಿನ ಹಾಗೇ ಬೇಕಾದರೆ ಹಿಂದೆ 37 ಹಲ್ಲು. ಮುಂದೆ ಒಂದು ಹಲ್ಲು ಏರಿಸೋದು ಹಿಂದೆ ಸುಮಾರು ಎರಡೂಮುಕ್ಕಾಲು ಹಲ್ಲು ಇಳಿಸಿದ್ದಕ್ಕೆ ಸಮ. 1/8 ಮೈಲಿ, ಅಂದರೆ 201 ಮೀಟರಿನ ಗೆರೆ ದಾಟೋವಾಗ ಎಂಜಿನ್ ತನ್ನ ಗರಿಷ್ಠ ಶಕ್ತಿಯ ಆರ್‌ಪಿಎಂ ದಾಟಿ ಇನ್ನೂರು ಮುನ್ನೂರು ಮೇಲಿರಬೇಕು. ಅದಕ್ಕಿಂತ ಬಹಳ ಮುಂಚೆಯೇ ಉಸಿರು ಕಟ್ಟಿದರೆ ಹಿಂದೆ ಹಲ್ಲು ಇಳಿಸಿ, ಕೊನೇ ಗೇರಿಗೆ ಹೋದ ಕೂಡಲೇ ಗೆರೆ ಬಂದುಬಿಟ್ಟರೆ ಏರಿಸಿ.

ಕ್ಲಚ್ಚಿಗೆ ಸದ್ಯ ಬಿಗಿ ಸ್ಪ್ರಿಂಗು, ಹೊಸ ಪ್ಲೇಟು ಸಾಕು. ಗೇರ್‌ಬಾಕ್ಸಿಗೆ ಜಾಸೋ ಎಂಎ ಗುರುತಿನ ಬೈಕ್ ಎಣ್ಣೆ ಹಾಕಿ. ಕಾರಿನ ಎಣ್ಣೆಯಲ್ಲಿ ಜಾರಿಸೋ ರಾಸಾಯನಿಕ ಇರುತ್ತೆ, ಕ್ಲಚ್ ಹಿಡಿಯಲ್ಲ. ಮುಂದೆ ಲಾಕಪ್ ಕ್ಲಚ್ ಹಾಕಿಸ್ತೀರಿ, ಎಲ್ಲರೂ ಹಾಕಿಸ್ತಾರೆ. ಅದರ ತೋಳುಗಳು ಸುತ್ತುವ ವೇಗಕ್ಕೆ ಹೊರಚಿಮ್ಮಿ ಪ್ರೆಷರ್ ಪ್ಲೇಟನ್ನು ಒತ್ತುತ್ತವೆ. ಗೇರ್ ಬದಲಿಸಿದ ಮೇಲೆ ಆರ್‌ಪಿಎಂ ಜಿಗಿದು ಗಾಡಿ ಮಾತ್ರ ಮುಂದೆ ಹೋಗದಿದ್ದರೆ ತೋಳಿಗೆ ತೂಕ ಸೇರಿಸಿ. ಹೊರಡುವಾಗಲೇ ಎಂಜಿನ್ ಮುಗ್ಗರಿಸಿದರೆ ತೂಕ ತೆಗೀರಿ.

ಇನ್ನು ಎಂಜಿನ್. ಊರಲ್ಲಿ ರಾಜ್‌ದೂತ್ 350 ಬಿಚ್ಚಿ ಜೋಡಿಸಿದ್ದರೆ ಇದು ಅರ್ಧ ಗೊತ್ತಿರೋದೇ: ಎರಡರದ್ದೂ 64 ಮಿ.ಮೀ. ಬೋರು, 54 ಮಿ.ಮೀ. ಸ್ಟ್ರೋಕು, ಅವಳಿ ಸಿಲಿಂಡರಿನ 347 ಸಿಸಿ ಟೂ ಸ್ಟ್ರೋಕ್. ಆದರೆ ರಾಜ್‌ದೂತ್‌ಗೆ ಗಾಳಿ ತಂಪು, ಆಯಿಲ್ ಪಂಪು. ಬ್ಯಾನ್ಶೀಗೆ ನೀರಿನ ತಂಪು, ಆಯಿಲ್ ಪಂಪು ಇಲ್ಲವೇ ಇಲ್ಲ. ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು, 32 ಪಾಲಿಗೆ ಒಂದು, ಅಂದರೆ 5 ಲೀಟರಿಗೆ ಸುಮಾರು 155 ಮಿ.ಲೀ. ಬಂಕಿನಿಂದ ನೇರ ಟ್ಯಾಂಕಿಗೆ ತುಂಬಿಸಿ ಹೊರಟರೆ ಪಿಸ್ಟನ್ ಸೀಜ್.

ಏನೂ ಹಾಕೋ ಮೊದಲು ಲೀಕ್ ಟೆಸ್ಟ್ ಮಾಡಿಸಿ. ಇನ್‌ಟೇಕು, ಎಗ್ಸಾಸ್ಟು ಎರಡನ್ನೂ ಮುಚ್ಚಿ ಒಳಗೆ 6 ಪಿಎಸ್ಐ ಗಾಳಿ ಹಾಕಿದರೆ 6 ನಿಮಿಷ ನಿಲ್ಲಬೇಕು. ನಿಲ್ಲದಿದ್ದರೆ ಸೋಪಿನ ನೀರು ಹೊಡೆದು ಗುಳ್ಳೆ ಎಲ್ಲಿ ಅಂತ ಹುಡುಕಿ: ಕ್ರ್ಯಾಂಕ್ ಸೀಲು, ಕಾರ್ಬುರೇಟರಿನ ರಬ್ಬರು, ಎರಡು ರಬ್ಬರನ್ನು ಕೂಡಿಸೋ ಅಡ್ಡ ಕೊಳವೆ. ಇಪ್ಪತ್ತು ವರ್ಷದ ಗಾಡಿಯಲ್ಲಿ ಇವು ಒಣಗಿ ಬಿರಿದಿರುತ್ತವೆ. ಕಳ್ಳ ಗಾಳಿ ಹೊಕ್ಕರೆ ಮಿಶ್ರಣ ತೆಳುವಾಗಿ ಒಂದೇ ಸಿಲಿಂಡರ್ ಸೀಜ್ ಆಗುತ್ತೆ, ನೀವು ಜೆಟ್ಟನ್ನು (ಕಾರ್ಬುರೇಟರಿನಲ್ಲಿ ಪೆಟ್ರೋಲು ಅಳೆದು ಬಿಡೋ ತೂತು) ಬೈಕೊಂಡು ಕೂರ್ತೀರಿ. ಆಮೇಲೆ ಎರಡೂ ಸಿಲಿಂಡರಿನ ಕಂಪ್ರೆಷನ್ ಅಳೆಯಿರಿ, ಥ್ರಾಟಲ್ ಪೂರ್ತಿ ತೆರೆದು. ಎರಡರ ನಡುವೆ ಶೇ. 10ಕ್ಕಿಂತ ಅಂತರ ಇದ್ದರೆ ಮೊದಲು ಸಿಲಿಂಡರ್ ಕೆಲಸ.

ಯಮಾಹಾ ಹಾಕಿರೋ ಟಾರ್ಸ್ ಅನ್ನೋ ಸುರಕ್ಷಾ ಪೆಟ್ಟಿಗೆ ಹಳೇ ಗಾಡಿಗಳಲ್ಲಿ ಕೆಟ್ಟು, ಓಟದ ಮಧ್ಯೆ ಆರ್‌ಪಿಎಂ ಕಡಿತ ಮಾಡುತ್ತೆ. ಪಾರ್ಕಿಂಗ್ ಬ್ರೇಕಿನ ಸ್ವಿಚ್ಚೂ ಅದಕ್ಕೇ ಸೇರಿದ್ದು. ಕಿಟ್ ತಂದು ತೆಗೆದುಬಿಡಿ, ಆದರೆ ಅದರ ಜಾಗಕ್ಕೆ ಮಣಿಕಟ್ಟಿಗೆ ಕಟ್ಟೋ ಹಗ್ಗದ, ಎಂಜಿನ್ ಆರಿಸೋ ಕಿಲ್ ಸ್ವಿಚ್ ಬರಲೇಬೇಕು. ಥ್ರಾಟಲ್ ಸಿಕ್ಕಿಕೊಂಡರೆ ನಿಮ್ಮನ್ನು ಉಳಿಸೋದು ಅದೊಂದೇ.

ಕಂಪನಿಯ 26 ಮಿ.ಮೀ. ಮಿಕುನಿ ಕಾರ್ಬುರೇಟರುಗಳಲ್ಲಿ ಮೇನ್ ಜೆಟ್ 200. ನಿಮಗೆ ಪೈಪ್ ಬದಲಾಗಿದೆ, ಏರ್ ಬಾಕ್ಸಿನ ಮುಚ್ಚಳವನ್ನೂ ತೆಗೆದರೆ 200 ಯಾವ ಲೆಕ್ಕಕ್ಕೂ ಸಾಲಲ್ಲ. 300ರಿಂದ ಶುರು ಮಾಡಿ 10, 10 ಇಳಿಸ್ತಾ ಬನ್ನಿ. ಕೆಳಗಿನಿಂದ ಮೇಲೆ ಹೋಗೋದಲ್ಲ, ಮೇಲಿಂದ ಕೆಳಗೆ. ದಪ್ಪ ಮಿಶ್ರಣ ಬರೀ ಸಮಯ ತಿನ್ನುತ್ತೆ, ತೆಳು ಮಿಶ್ರಣ ಪಿಸ್ಟನ್ ತಿನ್ನುತ್ತೆ. ಹೊಸ ಪ್ಲಗ್ಗು ಹಾಕಿ ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ, ಗೆರೆ ದಾಟಿದ ಕೂಡಲೇ ಕಿಲ್ ಒತ್ತಿ, ತೇಲಿ ಪಕ್ಕಕ್ಕೆ ಹೋಗಿ ಪ್ಲಗ್ಗು ತೆಗೀರಿ. ಪಿಂಗಾಣಿಯ ತುದಿ ನೋಡಬೇಡಿ, ಬುಡದಲ್ಲಿರೋ ಕಂದು ಉಂಗುರ ನೋಡಿ. ಉಂಗುರ ಇಲ್ಲವೇ ಇಲ್ಲ ಅಂದರೆ ತೆಳು. ಪಿಂಗಾಣಿಯ ಮೇಲೆ ಬೆಳ್ಳಿ ಚುಕ್ಕೆ ಕಂಡರೆ ಅದು ಕರಗಿದ ಪಿಸ್ಟನ್, ಅಂದಿನ ಓಟ ಅಲ್ಲಿಗೆ ಮುಗೀತು. ಎರಡು ಕಾರ್ಬುರೇಟರಿನ ಸ್ಲೈಡ್ ಒಟ್ಟಿಗೇ ಏಳ್ತಾವಾ ಅಂತ ಬೆರಳಿಟ್ಟು ನೋಡಿ. ಇದೊಂದು ತಪ್ಪಿದ್ದರೆ ಯಾವ ಜೆಟ್ಟೂ ಸರಿ ಬರಲ್ಲ. ಕಂಪನಿ ಪ್ಲಗ್ಗು ಬಿಆರ್8ಇಎಸ್. ರೇಸಿಗೆ ಒಂದು ಅಂಕಿ ತಂಪಾದ ಬಿಆರ್9ಇಎಸ್.

ಬಂಕಿನ 93 ಆಕ್ಟೇನಿನಲ್ಲಿ ಓಡಿಸೋದಾದರೆ ಕಂಪ್ರೆಷನ್ 150 ಪಿಎಸ್ಐ ಆಸುಪಾಸಿನಲ್ಲಿ ನಿಲ್ಲಿಸಿ. ಇಗ್ನಿಷನ್ ಪ್ಲೇಟನ್ನು 4 ಡಿಗ್ರಿ ಮುಂದೆ ಹಾಕೋರು ಇದ್ದಾರೆ. ಅದಕ್ಕಿಂತ ಮುಂದಕ್ಕೂ ಹೆಚ್ಚಿನ ಕಂಪ್ರೆಷನ್ನಿಗೂ 110ರ ರೇಸ್ ಪೆಟ್ರೋಲು ಬೇಕು. ಹೆಡ್ ಬದಲಿಸಿದಾಗ ಪ್ಲಗ್ ತೂತಿನಿಂದ ಸೋಲ್ಡರ್ ತಂತಿ ತೂರಿಸಿ, ಎಂಜಿನ್ ಕೈಯಿಂದ ತಿರುಗಿಸಿ, ಚಪ್ಪಟೆಯಾದ ತುದಿ ಅಳೆಯಿರಿ. ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಸಂದಿ ಅದೇ, 1.0ರಿಂದ 1.3 ಮಿ.ಮೀ. ಇರಬೇಕು. ರೇಡಿಯೇಟರಿನಲ್ಲಿ ಬರೀ ನೀರು ಇಡಿ. ಕೂಲೆಂಟಿನ ಗ್ಲೈಕಾಲ್ ಟ್ರ್ಯಾಕ್ ಮೇಲೆ ಚೆಲ್ಲಿದರೆ ಹಿಂದೆ ಬರುವವನು ಜಾರಿ ಬೀಳ್ತಾನೆ. ಚಳಿಗಾಲಕ್ಕೆ ಮುಂಚೆ ಆ ನೀರು ತೆಗೀರಿ, ಇಲ್ಲದಿದ್ದರೆ ಹೆಪ್ಪುಗಟ್ಟಿ ಸಿಲಿಂಡರ್ ಒಡೆಯುತ್ತೆ.

421 ಸಿಸಿ ಅಂದರೆ 68 ಮಿ.ಮೀ. ಬೋರು, 58 ಮಿ.ಮೀ. ಸ್ಟ್ರೋಕು. ಹೊಸ ಸಿಲಿಂಡರಿನ ಜೊತೆ ಹೊಸ ಕ್ರ್ಯಾಂಕು, ಅದರ ಪಿನ್ನಿಗೆ ವೆಲ್ಡಿಂಗು, ದೊಡ್ಡ ಕಾರ್ಬುರೇಟರು, ಅದಕ್ಕೊಪ್ಪುವ ಪೈಪು, ಲಾಕಪ್ ಕ್ಲಚ್ಚು, ಎಲ್ಲ ಒಂದರ ಹಿಂದೊಂದು ಬರುತ್ತೆ. ಕಿಟ್ಟಿನ ಬೆಲೆ ಕೇಳಿ ಖರ್ಚು ಅಂದಾಜು ಮಾಡಬೇಡಿ. ಈಗಿನ ಎಂಜಿನ್ನಿನಲ್ಲಿ 60 ಅಡಿ ಸಮಯ ಮೂರು ಓಟದಲ್ಲೂ ಹತ್ತಿರ ಹತ್ತಿರ ಬಂದ ಮೇಲೆ ಅದರ ಮಾತು.

ಟ್ರ್ಯಾಕಿಗೆ ಹೋಗೋ ಮೊದಲು ಫೋನ್ ಮಾಡಿ ಕ್ವಾಡ್ ಬಿಡ್ತಾರಾ ಕೇಳಿ, ಎಲ್ಲ ಕಡೆ ಬಿಡಲ್ಲ. ಟೈರನ್ನು ನಿಂತಲ್ಲೇ ತಿರುಗಿಸಿ ಬಿಸಿ ಮಾಡೋ ನೀರಿನ ಗುಂಡಿಗೆ ಮುಂದಿನಿಂದ ನುಗ್ಗಬೇಡಿ. ಮುಂದಿನ ಟೈರಿನ ಸಂದಿಯಲ್ಲಿ ನೀರು ಹೊತ್ತುಕೊಂಡು ಹೋಗಿ ಹೊರಡೋ ಜಾಗದಲ್ಲೇ ಚೆಲ್ಲುತ್ತೆ, ಹಿಂದಿನ ಸ್ಲಿಕ್ ಅದರ ಮೇಲೇ ಬರುತ್ತೆ. ಪಕ್ಕದಿಂದ ಸುತ್ತಿ ಬಂದು ಹಿಂದಿನ ಚಕ್ರ ಮಾತ್ರ ಒಳಗಿಳಿಸಿ. ಹೊರಡುವಾಗ ಎದೆ ಟ್ಯಾಂಕಿಗೆ ತಾಗೋಷ್ಟು ಮುಂದೆ ಬಾಗಿ, ಸುಮಾರು 6,500 ಆರ್‌ಪಿಎಂನಲ್ಲಿ ಕ್ಲಚ್ ಬಿಡಿ. ಟೈರು ಜಾರಿದರೆ ಮುಂದಿನ ಸಲ 500 ಕಡಿಮೆ, ಮುಗ್ಗರಿಸಿದರೆ 500 ಹೆಚ್ಚು.

ಪ್ರತಿ ಓಟದ ನಡುವೆ ಸ್ಪ್ಯಾನರ್ ಹಿಡಿದು ಎರಡು ಕಡೆ ನೋಡಿ: ಹಿಂದಿನ ಆಕ್ಸಲ್ ನಟ್ಟು, ಮುಂದಿನ ಸ್ಪ್ರಾಕೆಟ್ ನಟ್ಟು. ಬ್ಯಾನ್ಶೀಯಲ್ಲಿ ಸಡಿಲವಾಗೋದು ಇವೇ. ಆಕ್ಸಲ್ ನಟ್ಟಿಗೆ ಲಾಕ್‌ಟೈಟ್ ಅಂಟು, ಸ್ಪ್ರಾಕೆಟ್ಟಿನ ವಾಷರ್ ಅಂಚನ್ನು ಮಡಿಚಿ ಕೂರಿಸಿ.

ಗೆರೆ ದಾಟಿದ ಮೇಲೆ ಥ್ರಾಟಲ್ ಒಮ್ಮೆಲೇ ಮುಚ್ಚಿ ಗೇರಿನಲ್ಲೇ ಇರಬೇಡಿ. ಪೆಟ್ರೋಲು ನಿಂತರೆ ಅದರ ಜೊತೆ ಎಣ್ಣೆಯೂ ನಿಂತಿತು, ಎಂಜಿನ್ ಮಾತ್ರ 9,000ದಲ್ಲಿ ತಿರುಗ್ತಾ ಇರುತ್ತೆ. ಕ್ಲಚ್ ಹಿಡಿದು ತೇಲಿಸಿ. ಲಾಕಪ್ ಹಾಕಿಸಿದ ಮೇಲೆ ಆ ವೇಗದಲ್ಲಿ ಕ್ಲಚ್ ಹಿಡಿದರೂ ಪ್ಲೇಟು ಬಿಡಿಸಿಕೊಳ್ಳಲ್ಲ, ಆಗ ಕಿಲ್ ಒತ್ತಿಕೊಂಡೇ ಥ್ರಾಟಲ್ ಸ್ವಲ್ಪ ತೆರೆದಿಡಿ. ಉರಿಯದ ಮಿಶ್ರಣ ಒಳಗೆ ಹರಿದು ಪಿಸ್ಟನ್ನಿಗೆ ಎಣ್ಣೆಯನ್ನೂ ತಂಪನ್ನೂ ಕೊಡುತ್ತೆ.