ಹಕ್ಕಿ ಸರಿಯಾಗಿ ಕಾಣುವಷ್ಟರಲ್ಲಿ ಹಾರಿಹೋಗುತ್ತದೆ. ನೋಡುವುದನ್ನು ಹೇಗೆ ಕಲಿಯಲಿ?

ನೀವು ಕೇಳಿದ್ದು ಎರಡು ವಿಷಯ. ಹಿತ್ತಲಿಗೆ ಬರುವ ಹಕ್ಕಿಗಳು ಕಣ್ಣಿಗೆ ಬೀಳುವಷ್ಟರಲ್ಲೇ ಹಾರಿಹೋಗುತ್ತವೆ, ಏನು ಮಾಡಲಿ ಅಂತ. ಇನ್ನೊಂದು, ಕಾಡು, ಕೆರೆ ಕಡೆ ಹೋಗುವ ಮುಂಚೆ ಒಳ್ಳೆಯ ಕ್ಯಾಮೆರಾ ಕೊಳ್ಳಬೇಕಾ ಅಂತ.

ಕ್ಯಾಮೆರಾ ಈಗಲೇ ಬೇಡ. ಅದು ಕೈಯಲ್ಲಿದ್ದರೆ ಮನಸ್ಸೆಲ್ಲ ಫೋಟೋ ಸಿಕ್ಕಿತಾ ಇಲ್ಲವಾ ಅನ್ನುವುದರ ಮೇಲೇ ಇರುತ್ತದೆ. ಸಿಕ್ಕ ಕೂಡಲೇ ನೋಡಿದ್ದು ಮುಗಿಯಿತು ಅನ್ನಿಸಿಬಿಡುತ್ತದೆ. ಆ ಹಕ್ಕಿ ಮುಂದೆ ಏನು ಮಾಡಿತು, ಯಾಕೆ ಅಲ್ಲೇ ಕೂತಿತ್ತು, ಯಾರನ್ನು ಕರೆಯುತ್ತಿತ್ತು, ಇದೆಲ್ಲ ತಪ್ಪಿಹೋಗುತ್ತದೆ. ನನಗೆ ಹಕ್ಕಿ ನೋಡುವುದರಲ್ಲಿ ಇಷ್ಟವಾಗುವುದು ಇದೇ ಭಾಗ.

ಹಾರಿಹೋಗುವ ವಿಷಯಕ್ಕೆ ಬರೋಣ. ಹಕ್ಕಿಗೆ ನಿಮ್ಮ ಬಟ್ಟೆಯ ಬಣ್ಣಕ್ಕಿಂತ ನಿಮ್ಮ ಅಲುಗಾಟ ಬೇಗ ಕಾಣುತ್ತದೆ. ಹಾಗಾಗಿ ನೀವು ಹಕ್ಕಿಯ ಹತ್ತಿರ ಹೋಗಬೇಡಿ, ಅದು ಬರುವ ಜಾಗದಲ್ಲಿ ಮೊದಲೇ ಹೋಗಿ ಕೂತಿರಿ. ಗೋಡೆಗೋ ಮರಕ್ಕೋ ಬೆನ್ನು ಕೊಟ್ಟು ಸುಮ್ನೆ ಕೂತರೆ ಸಾಕು. ಮೊದಮೊದಲು ಎಲ್ಲ ಖಾಲಿ ಖಾಲಿ ಅನ್ನಿಸುತ್ತದೆ. ಸ್ವಲ್ಪ ಹೊತ್ತಿಗೆ ಪೊದೆಯೊಳಗೆ ಒಂದು ಎಲೆ ಅಲುಗುತ್ತದೆ, ನಿಮ್ಮನ್ನು ಕಂಡು ಸುಮ್ಮನಾಗಿದ್ದವರೆಲ್ಲ ಒಬ್ಬೊಬ್ಬರಾಗಿ ತಮ್ಮ ಕೆಲಸಕ್ಕೆ ಮರಳುತ್ತಾರೆ. ಸೂರ್ಯ ಹುಟ್ಟಿದ ಮೇಲಿನ ಒಂದೆರಡು ಗಂಟೆ ಇದಕ್ಕೆ ಒಳ್ಳೆಯ ಹೊತ್ತು. ಸಂಜೆಯೂ ಆಗುತ್ತದೆ. ನಡು ಮಧ್ಯಾಹ್ನ ಹೆಚ್ಚಿನ ಹಕ್ಕಿಗಳು ನೆರಳಲ್ಲಿ ಸುಮ್ಮನೆ ಕೂತಿರುತ್ತವೆ.

ನನ್ನ ಮುಖ್ಯ ಸಲಹೆ ಒಂದೇ. ಹೆಸರುಗಳ ಪಟ್ಟಿ ಉದ್ದ ಮಾಡುವ ಮೊದಲು ಒಂದು ಹಕ್ಕಿಯನ್ನು ಪೂರ್ತಿ ಪರಿಚಯ ಮಾಡಿಕೊಳ್ಳಿ. ದಿನವೂ ಬರುವ, ಯಾರೂ ತಿರುಗಿ ನೋಡದ ಹಕ್ಕಿಯೇ ಆಗಲಿ. ಕೆಮ್ಮೀಸೆ ಪಿಕಳಾರವನ್ನೇ ತೆಗೆದುಕೊಳ್ಳಿ. ತಲೆಯ ಮೇಲೆ ಕಪ್ಪು ಜುಟ್ಟು, ಕಣ್ಣಿನ ಹಿಂದೆ ಕೆಂಪು ಮಚ್ಚೆ, ಬಾಲದ ಬುಡದಲ್ಲಿ ಕೆಂಪು. ಇಷ್ಟನ್ನು ಪುಸ್ತಕವೇ ಹೇಳುತ್ತದೆ. ದಿನವೂ ನೋಡುವವರಿಗೆ ಮಾತ್ರ ಕಾಣುವುದು ಬೇರೆ. ನೀರಿನ ಬೋಗುಣಿಗೆ ಬರುವಾಗ ಅದು ನೇರವಾಗಿ ಇಳಿಯುವುದಿಲ್ಲ. ಮೊದಲು ಮೇಲಿನ ಕೊಂಬೆ, ಆಮೇಲೆ ಕೆಳಗಿನ ಕೊಂಬೆ, ಎರಡೂ ಕಡೆ ತಲೆ ಓರೆ ಮಾಡಿ ಒಂದು ನೋಟ, ಆಮೇಲೆ ಅಂಚಿಗೆ. ಒಂದು ಗುಟುಕು ಕುಡಿದು ತಲೆ ಎತ್ತುತ್ತದೆ. ಮತ್ತೊಂದು ಗುಟುಕು, ಮತ್ತೆ ತಲೆ ಎತ್ತುತ್ತದೆ. ಜೋಡಿಯಾಗಿ ಬಂದಾಗ ಒಂದು ಸ್ನಾನ ಮಾಡುತ್ತಿದ್ದರೆ ಇನ್ನೊಂದು ಕೊಂಬೆಯ ಮೇಲಿರುತ್ತದೆ. ಕೆಲವು ತಿಂಗಳಲ್ಲಿ ಕಣ್ಣಿನ ಹಿಂದೆ ಕೆಂಪೇ ಇಲ್ಲದ ಮಬ್ಬು ಬಣ್ಣದ ಪಿಕಳಾರ ಕಾಣುತ್ತದೆ. ಹೊಸಬರು ಅದನ್ನು ಬೇರೆ ಜಾತಿ ಅಂದುಕೊಳ್ಳುತ್ತಾರೆ. ಅದು ಮರಿ. ಹತ್ತಿರದಲ್ಲೇ ಗೂಡಿತ್ತು ಅಂತ ಆಗ ಗೊತ್ತಾಗುತ್ತದೆ.

ಹೀಗೆ ಒಂದು ಹಕ್ಕಿ ಕೈವಶವಾದರೆ ಮಿಕ್ಕವು ತಾವಾಗಿಯೇ ಸುಲಭವಾಗುತ್ತವೆ. ಹೊಸ ಹಕ್ಕಿ ಕಂಡಾಗ ಪಿಕಳಾರಕ್ಕಿಂತ ದೊಡ್ಡದಾ ಚಿಕ್ಕದಾ ಅಂತ ಮೊದಲು ಕೇಳಿಕೊಳ್ಳಿ. ಆಮೇಲೆ ಕೊಕ್ಕು, ಬಾಲದ ಉದ್ದ, ನೆಲದಲ್ಲಿ ನಡೆಯುತ್ತದಾ ಕುಪ್ಪಳಿಸುತ್ತದಾ, ಪೊದೆಯಲ್ಲಿದೆಯಾ ಮರದ ತುದಿಯಲ್ಲಿದೆಯಾ. ಬಣ್ಣ ಕೊನೆಗೆ. ಬೆಳಕು ಬಣ್ಣದ ವಿಷಯದಲ್ಲಿ ತುಂಬಾ ಮೋಸ ಮಾಡುತ್ತದೆ. ನೇರಳೆ ಸೂರಕ್ಕಿಯ ಗಂಡು ನೆರಳಲ್ಲಿ ಬರೀ ಕಪ್ಪು, ಬಿಸಿಲಿಗೆ ಬಂದರೆ ಮಿರಮಿರ ನೇರಳೆ. ಗೂಡುಕಟ್ಟುವ ಕಾಲ ಮುಗಿದ ಮೇಲೆ ಅದೇ ಗಂಡು ಹೆಣ್ಣಿನ ಹಾಗೆ ಮಾಸಲಾಗುತ್ತದೆ, ಗಂಟಲಿನಿಂದ ಹೊಟ್ಟೆಯವರೆಗೆ ಒಂದು ಕಪ್ಪು ಪಟ್ಟೆ ಮಾತ್ರ ಉಳಿಯುತ್ತದೆ. ಕೋಗಿಲೆಯಲ್ಲಿ ಕಪ್ಪಗಿರುವುದು ಗಂಡು, ಕುಹೂ ಎಂದು ಕೂಗುವುದೂ ಅದೇ. ಹೆಣ್ಣಿಗೆ ಕಂದು ಮೈ, ಅದರ ತುಂಬ ಬಿಳಿ ಚುಕ್ಕೆ. ಎರಡೂ ಒಂದೇ ಹಕ್ಕಿ ಅಂತ ಗೊತ್ತಿಲ್ಲದೆ ವರ್ಷಗಟ್ಟಲೆ ಎರಡನ್ನೂ ನೋಡಿರುವವರು ಜಾಸ್ತಿ ಜನ ಇದ್ದಾರೆ.

ಹಕ್ಕಿಗಳನ್ನು ಕರೆಯಲು ನೀರಿಗಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಬೋಗುಣಿ ಅಗಲವಾಗಿರಲಿ, ಆಳ ಬೇಡ. ಅಂಚಿನಲ್ಲಿ 2 ಸೆಂಟಿಮೀಟರ್, ನಡುವೆ 5 ಸೆಂಟಿಮೀಟರ್ ಇದ್ದರೆ ಧಾರಾಳ. ತಳ ಜಾರುವಂತಿದ್ದರೆ ಒಂದು ಒರಟು ಕಲ್ಲು ಇಡಿ. ದಿನವೂ ತೊಳೆದು ನೀರು ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಮರಿ ಮಾಡುತ್ತದೆ. ಹಾರಿ ಕೂರಲು ಹತ್ತಿರದಲ್ಲಿ ಒಂದು ಗಿಡ ಬೇಕು, ಆದರೆ ಬೆಕ್ಕು ಅಡಗಿ ಕೂರುವಷ್ಟು ಹತ್ತಿರ ಬೇಡ.

ಕಾಳು ಹಾಕುವ ವಿಷಯದಲ್ಲಿ ನನಗೆ ಅಷ್ಟು ಉತ್ಸಾಹ ಇಲ್ಲ. ಒಂದೇ ಕಡೆ ತುಂಬಾ ಹಕ್ಕಿಗಳು ಸೇರಿದರೆ ರೋಗ ಬೇಗ ಹರಡುತ್ತದೆ. ಬ್ರಿಟನ್ನಿನಲ್ಲಿ 2005ರಿಂದೀಚೆಗೆ ಗ್ರೀನ್‌ಫಿಂಚ್ ಹಕ್ಕಿಗಳು ಟ್ರೈಕೊಮೊನೊಸಿಸ್ ಎಂಬ ರೋಗದಿಂದ ದೊಡ್ಡ ಸಂಖ್ಯೆಯಲ್ಲಿ ಸತ್ತವು. ಕಾಳಿನ ತಟ್ಟೆಗಳ ಬಳಿ ಅದು ಒಂದರಿಂದ ಇನ್ನೊಂದಕ್ಕೆ ಅಂಟುತ್ತದೆ. ಹಾಕಲೇಬೇಕು ಅಂದರೆ ಸ್ವಲ್ಪವೇ ಹಾಕಿ, ಒದ್ದೆಯಾದದ್ದನ್ನು ತೆಗೆದುಬಿಡಿ, ತಟ್ಟೆ ತೊಳೆಯುತ್ತಿರಿ. ಅದಕ್ಕಿಂತ ಹೂವು ಹಣ್ಣು ಬಿಡುವ ಸ್ಥಳೀಯ ಗಿಡಗಳನ್ನು ಬೆಳೆಸಿ, ಒಣಗಿದ ಎಲೆ ಒಂದು ಮೂಲೆಯಲ್ಲಿ ಬಿದ್ದಿರಲಿ, ಕೀಟನಾಶಕ ನಿಲ್ಲಿಸಿ. ಕಾಳು ತಿನ್ನುವ ಗುಬ್ಬಚ್ಚಿ ಕೂಡ ತನ್ನ ಮರಿಗಳಿಗೆ ಹುಳುವನ್ನೇ ತಂದು ಕೊಡುತ್ತದೆ. ಹುಳು ಇಲ್ಲದ ಹಿತ್ತಲಲ್ಲಿ ಮರಿ ಬೆಳೆಯುವುದಿಲ್ಲ. ದೊಡ್ಡ ಗಾಜಿನ ಕಿಟಕಿ ಇದ್ದರೆ ಅದಕ್ಕೆ ಹೊರಗಡೆಯಿಂದ 5 ಸೆಂಟಿಮೀಟರ್ ಅಂತರದಲ್ಲಿ ಚುಕ್ಕೆಗಳನ್ನು ಅಂಟಿಸಿ. ಗಾಜಿನಲ್ಲಿ ಮರ, ಆಕಾಶದ ಬಿಂಬ ಕಂಡು ಹಕ್ಕಿಗಳು ಹೋಗಿ ಬಡಿದುಕೊಳ್ಳುತ್ತವೆ.

ದುಡ್ಡು ಹಾಕುವುದಾದರೆ ಬೈನಾಕ್ಯುಲರ್‌ಗೆ ಹಾಕಿ. ಅದರ ಮೇಲೆ 8x42 ಅಂತ ಬರೆದಿದ್ದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್ ಅಂತ ಅರ್ಥ. ಹತ್ತು ಪಟ್ಟಿನದಾದರೆ ಕೈನಡುಕವೂ ಹತ್ತು ಪಟ್ಟು ಕಾಣುತ್ತದೆ, ನೋಟದ ಹರವೂ ಸಾಮಾನ್ಯವಾಗಿ ಕಿರಿದಾಗುತ್ತದೆ. ಹೊಸಬರಿಗೆ ಎಂಟೇ ಸರಿ. ಕನ್ನಡಕ ಹಾಕುವವರು ಕಣ್ಣಿನ ಕಡೆಯ ರಬ್ಬರ್ ಬಳೆಯನ್ನು ಒಳಗೆ ತಿರುಗಿಸಿಕೊಳ್ಳಬೇಕು. ಬಳಸುವಾಗ ಒಂದೇ ಗುಟ್ಟು: ಹಕ್ಕಿಯ ಮೇಲಿನ ಕಣ್ಣು ತೆಗೆಯದೆ ಬೈನಾಕ್ಯುಲರನ್ನು ನಿಧಾನವಾಗಿ ಕಣ್ಣಿಗೆ ತನ್ನಿ. ತಲೆ ಬಗ್ಗಿಸಿ ಅದನ್ನು ನೋಡಿದಿರೋ, ಹಕ್ಕಿ ಕಳೆದುಹೋಯಿತು.

ಕಾಡಿಗೆ ಹೋದಾಗ ಕಣ್ಣಿಗಿಂತ ಕಿವಿಗೆ ಕೆಲಸ ಜಾಸ್ತಿ. ಎಷ್ಟೋ ಹೊತ್ತು ಏನೂ ಇಲ್ಲದೆ ಇದ್ದಕ್ಕಿದ್ದಂತೆ ಸುತ್ತಲೂ ಹಕ್ಕಿಗಳು ತುಂಬಿಕೊಳ್ಳುವುದುಂಟು. ಅದು ಬೇರೆ ಬೇರೆ ಜಾತಿಯವು ಸೇರಿ ಆಹಾರ ಹುಡುಕುತ್ತ ಹೊರಟ ಗುಂಪು. ಮರಕುಟಿಗ ಕಾಂಡ ಕೆದಕುತ್ತದೆ, ಚಿಕ್ಕವು ಎಲೆಯ ಅಡಿ ಹುಡುಕುತ್ತವೆ, ಹರಟೆಮಲ್ಲಗಳು ನೆಲದ ತರಗೆಲೆ ತಿರುವಿ ಹಾಕುತ್ತವೆ. ಕಾಜಾಣ ನಡುವೆ ಬಯಲಾದ ಒಂದು ಕೊಂಬೆಯಲ್ಲಿ ಕೂತು, ಇವರ ಗಲಾಟೆಗೆ ಎದ್ದ ಹುಳುಗಳನ್ನು ಗಾಳಿಯಲ್ಲೇ ಹಿಡಿಯುತ್ತದೆ. ಬಿಜ್ಜು ಎಂಬ ಬೇಟೆ ಹಕ್ಕಿ ಬಂದರೆ ಮೊದಲು ಕೂಗಿ ಎಚ್ಚರಿಸುವುದೂ ಎಷ್ಟೋ ಸಲ ಅದೇ. ಈ ಗುಂಪು ಸಿಕ್ಕಾಗ ಹಿಂದೆ ಓಡಬೇಡಿ. ನಿಂತಲ್ಲೇ ನಿಲ್ಲಿ, ನಿಮ್ಮ ತಲೆಯ ಮೇಲೇ ಹಾದುಹೋಗುತ್ತದೆ.

ಇಲ್ಲಿ ಹಿತ್ತಲಿನ ಪಾಠ ಕೆಲಸಕ್ಕೆ ಬರುತ್ತದೆ. ಪಿಕಳಾರದ ಮಾಮೂಲಿ ಮಾತು ಯಾವುದು, ಗಾಬರಿಯ ಕೂಗು ಯಾವುದು ಅಂತ ಕಿವಿಗೆ ಗೊತ್ತಿದ್ದರೆ ಕಾಡಿನಲ್ಲೂ ಅದು ದಾರಿ ತೋರಿಸುತ್ತದೆ. ಹಲವಾರು ಚಿಕ್ಕ ಹಕ್ಕಿಗಳು ಒಂದೇ ಕಡೆ ತಿರುಗಿ ಕಿರಿಚುತ್ತಿದ್ದರೆ ಅಲ್ಲೇ ನೋಡಿ. ಗೂಬೆಯೋ ಹಾವೋ ಇರುತ್ತದೆ. ಇನ್ನೊಂದು, ಹಣ್ಣು ಬಿಟ್ಟ ಅತ್ತಿ ಅಥವಾ ಆಲದ ಮರ ಸಿಕ್ಕರೆ ಮುಂದೆ ಹೋಗಲೇಬೇಡಿ, ಬೆಳಗೆಲ್ಲ ಅಲ್ಲೇ ಕಳೆಯಿರಿ.

ಗೂಡಿನ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಗೂಡು ಕಂಡರೆ ಹಿಂದೆ ಸರಿಯಿರಿ. ಕೊಂಬೆ ಸರಿಸಿ ನೋಡಿದರೆ ಗೂಡಿಗೆ ಇದ್ದ ಮರೆಯೇ ಹೋಗುತ್ತದೆ, ಕಾಗೆಗೆ ದಾರಿ ತೋರಿಸಿದಂತಾಗುತ್ತದೆ. ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಬೇಡ. ಎದುರಾಳಿ ಬಂದ ಅಂದುಕೊಂಡು ಅದು ಮರಿಗಳನ್ನು ಬಿಟ್ಟು ಜಗಳಕ್ಕೆ ಬರುತ್ತದೆ. ಪುಕ್ಕ ಬಂದ ಮರಿ ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಮನೆಗೆ ಒಯ್ಯಬೇಡಿ, ಅಪ್ಪ ಅಮ್ಮ ಹತ್ತಿರದಲ್ಲೇ ಇರುತ್ತಾರೆ. ಬೆಕ್ಕು, ವಾಹನದ ಭಯ ಇದ್ದರೆ ಎತ್ತಿ ಪಕ್ಕದ ಪೊದೆಯಲ್ಲಿ ಬಿಡಿ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸಿಕೊಳ್ಳುವುದಿಲ್ಲ ಅನ್ನುವುದು ಸುಳ್ಳು.

ಹೆಸರು ಹುಡುಕಲು ಮರ್ಲಿನ್ ಆ್ಯಪ್ ಇದೆ, ಕೂಗು ಕೇಳಿಸಿಕೊಂಡು ಹೆಸರು ಸೂಚಿಸುತ್ತದೆ. ಅದು ಸೂಚನೆ ಅಷ್ಟೇ, ಕಣ್ಣಾರೆ ಕಂಡ ಮೇಲೆ ಬರೆದುಕೊಳ್ಳಿ. ನೋಡಿದ್ದನ್ನು 2002ರಲ್ಲಿ ಶುರುವಾದ ಹಕ್ಕಿ ದಾಖಲೆಗಳ ಜಾಲತಾಣ ಇ-ಬರ್ಡ್‌ಗೆ ಹಾಕಿದರೆ ವಿಜ್ಞಾನಿಗಳಿಗೂ ಉಪಯೋಗ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಕ್ಕಿ ಎಣಿಕೆ ನಡೆಯುತ್ತದೆ. 1998ರಲ್ಲಿ ಶುರುವಾದದ್ದು, 2013ರಿಂದ ಜಗತ್ತಿನ ಯಾರು ಬೇಕಾದರೂ ಸೇರಬಹುದು. ಹಿತ್ತಲಲ್ಲೇ ಕೂತು 15 ನಿಮಿಷ ಎಣಿಸಿದರೂ ಲೆಕ್ಕಕ್ಕೆ ಬರುತ್ತದೆ.

ನಿಮ್ಮ ಹಿತ್ತಲಲ್ಲಿ ಯಾವ ಗಿಡಮರ ಇವೆ, ಬೆಳಗ್ಗೆ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಅಂತ ಬರೆಯಿರಿ. ಬೋಗುಣಿ ಎಲ್ಲಿಟ್ಟು, ನೀವು ಎಲ್ಲಿ ಕೂತರೆ ಚೆನ್ನಾಗಿ ಕಾಣುತ್ತದೆ ಅಂತ ಹೇಳುತ್ತೇನೆ.